ಉಜನಿಯಲ್ಲಿ ಎರಡು ತಿಂಗಳು ಗಾಳವನ್ನೂ ಎತ್ತಿಡೋಣ

ಮಾನ್ಯ ಸಂಪಾದಕರೇ,

ಪುಣೆ–ಸೋಲಾಪುರ ಹೆದ್ದಾರಿಯಲ್ಲಿ ಓಡಾಡುವ ಕನ್ನಡಿಗರಿಗೆ ಭಿಗವಣ ಗೊತ್ತು. ಚಳಿಗಾಲದಲ್ಲಿ ರಾಜಹಂಸ ನೋಡಲು, ಉಳಿದ ದಿನ ಮೀನೂಟಕ್ಕೆ ಅಲ್ಲಿ ಗಾಡಿ ನಿಲ್ಲಿಸುತ್ತೇವೆ. ಅಲ್ಲಿ ಕಾಣುವುದು ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರು. ಇದೇ ಭೀಮೆ ಮುಂದೆ ನಮ್ಮ ಇಂಡಿ, ಅಫಜಲಪುರದ ದಂಡೆಗೆ ಬರುತ್ತಾಳೆ. ಹಾಗಾಗಿ ಈ ಮಾತು ಕನ್ನಡ ಪತ್ರಿಕೆಯಲ್ಲೂ ಬರಬೇಕು ಅನ್ನಿಸಿತು.

ದೋಣಿ ಬಾಡಿಗೆಗೆ ಹಿಡಿದು ಹವ್ಯಾಸಕ್ಕೆ ಗಾಳ ಹಾಕುವವರು ಈಗ ಅಲ್ಲಿ ಜಾಸ್ತಿಯಾಗಿದ್ದಾರೆ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರೂ ಇದ್ದಾರೆ. ನಾನೂ ಗಾಳದವನೇ, ಅವರ ಖುಷಿ ನನಗೆ ಅರ್ಥವಾಗುತ್ತದೆ. ನನ್ನ ತಕರಾರು ಮಿರಗದ (ಮೃಗಶಿರ) ಮಳೆಯ ಹೊತ್ತಿನ ಜೂನ್, ಜುಲೈ ಎರಡು ತಿಂಗಳ ಬಗ್ಗೆ ಮಾತ್ರ.

ರೋಹು, ಕಾಟ್ಲಾ, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹೊಸ ಕೆಂಪು ನೀರು ಹರಿದು ಬರಬೇಕು. ಬಂದ ಕೂಡಲೇ ಅದಕ್ಕೆ ಎದುರಾಗಿ ಏರುತ್ತವೆ. ಉಜನಿಯಲ್ಲಿ ಅಂಥ ನೀರು ಬರುವುದು ಮೇಲೆ ದೌಂಡ್ ಕಡೆಯಿಂದ. ಇದು ದೋಣಿಯವರಿಗೂ ಗೊತ್ತು, ನಮಗೂ ಗೊತ್ತು. ದೊಡ್ಡ ಮೀನು ಸಿಗುತ್ತದೆ ಅಂತ ಸರಿಯಾಗಿ ಅಲ್ಲಿಗೇ ಹೋಗಿ ಗಾಳ ಬಿಡುತ್ತಾರೆ. ತಾಯಿಮೀನಿನ ಒಂದು ಕೆಜಿ ತೂಕಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇರುತ್ತವೆ. ಏಳೆಂಟು ಕೆಜಿಯ ಮೀನನ್ನು ಎದೆಗವಚಿಕೊಂಡ ಫೋಟೋ ವಾಟ್ಸಾಪಿಗೆ ಬಂದಾಗ ಅದರ ಉಬ್ಬಿದ ಹೊಟ್ಟೆಯೇ ಮೊದಲು ನನ್ನ ಕಣ್ಣಿಗೆ ಬೀಳುತ್ತದೆ. ಲೈಕ್ ಒತ್ತುವವರಿಗೆ ಅದು ಕಾಣುವುದಿಲ್ಲವೇ?

‘ನಾವು ಹಿಡಿದು ವಾಪಸ್ ಬಿಡ್ತೀವಿ’ ಅನ್ನುತ್ತಾರೆ ಕೆಲವರು. ಬೇರೆ ತಿಂಗಳಲ್ಲಾದರೆ ಒಪ್ಪುತ್ತೇನೆ. ಮೊಟ್ಟೆ ತುಂಬಿದ ಮೀನನ್ನು ಕೊಕ್ಕೆಯಲ್ಲಿ ಎಳೆದಾಡಿ ದಣಿಸಿ, ದೋಣಿಯ ಹಲಗೆಯ ಮೇಲೆ ಮಲಗಿಸಿ, ಫೋಟೋ ಮುಗಿದ ಮೇಲೆ ನೀರಿಗೆ ಬಿಟ್ಟರೆ ಅದು ಸುಖವಾಗಿ ಮರಿ ಮಾಡುತ್ತದೆ ಅಂತ ನಂಬುವುದು ಹೇಗೆ?

ಬೇಸಿಗೆಯ ಕಷ್ಟ ಬೇರೆ. ಉಜನಿಯ ಸುಮಾರು 117 ಟಿಎಂಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಕೆಯ ಲೆಕ್ಕಕ್ಕೆ ಹಿಡಿಯದ ತಳದ ನೀರು (ಡೆಡ್ ಸ್ಟೋರೇಜ್). ಮಟ್ಟ ಅದಕ್ಕೂ ಕೆಳಗಿಳಿದಾಗ ಪೇಪರಿನಲ್ಲಿ ‘ಮೈನಸ್’ ಅಂತ ಬರುತ್ತದೆ. ಮೀನೆಲ್ಲ ಉಳಿದಿಷ್ಟು ನೀರಿನಲ್ಲೇ ಒತ್ತಾಗಿ ಸೇರುತ್ತವೆ, ಬಲೆಗೆ ಸುಲಭ. ಅಷ್ಟೆಲ್ಲ ದಾಟಿ ಉಳಿದ ತಾಯಿಮೀನುಗಳನ್ನು ಮೊದಲ ಮಳೆಯಲ್ಲೇ ನಾವು ಹಿಡಿದರೆ ಹೇಗೆ?

ಬಲೆಯವರು ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಹಾಕಿ ಮೀನುಮರಿ ಬಾಚುವುದೂ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಲ್ಲಿ ಎಷ್ಟೋ ಮನೆಗಳು ಇದೇ ಅಣೆಕಟ್ಟಿಗೆ ಹೊಲ ಕಳೆದುಕೊಂಡವು. ‘ನಮ್ಮ ಬಲೆ ಎತ್ತಿಸ್ತೀರಿ ದಾದಾ, ನಿಮ್ಮ ಗಾಳದ ರಾಡು?’ ಎಂದು ಒಬ್ಬರು ನನ್ನನ್ನೇ ಕೇಳಿದರು. ಹೊಟ್ಟೆಪಾಡಿನವರು ಬಲೆ ಎತ್ತಿ ಕೂರಬೇಕು, ಶೋಕಿಯವರು ಗಾಳ ಬಿಡಬಹುದು ಅಂದರೆ ಯಾರು ಒಪ್ಪುತ್ತಾರೆ? ಪಶ್ಚಿಮ ಕರಾವಳಿಯ ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಉಜನಿಯಲ್ಲೂ ಆ ಎರಡು ತಿಂಗಳು ಬಲೆ, ಗಾಳ ಎರಡೂ ನಿಲ್ಲಲಿ. ಬಲೆಯವರಿಗೆ ಸರ್ಕಾರ ಪರಿಹಾರ ಕೊಡಲಿ. ಹವ್ಯಾಸಿಗಳಿಂದ ವರ್ಷಕ್ಕಿಷ್ಟು ಶುಲ್ಕ ತೆಗೆದುಕೊಂಡು ಅದಕ್ಕೇ ಸೇರಿಸಲಿ. ನಾನು ಸಂತೋಷದಿಂದ ಕಟ್ಟುತ್ತೇನೆ.

ಇನ್ನೊಂದು ಮಾತು. ಮನೆಯ ಗಾಜಿನ ತೊಟ್ಟಿಯಲ್ಲಿ ಪಾಚಿ ತಿನ್ನಲು ಸಾಕುವ ಸಕ್ಕರ್ ಮೀನು ಈಗ ಉಜನಿಯಲ್ಲೂ ಇದೆ. ಮೈಯೆಲ್ಲ ಗಟ್ಟಿ ಚಿಪ್ಪು. ಬಲೆ ಹರಿಯುತ್ತದೆ, ದಂಡೆಯಲ್ಲಿ ಬಿಲ ತೋಡುತ್ತದೆ, ಮಾರಲು ಹೋದರೆ ಕೊಳ್ಳುವವರಿಲ್ಲ. ಸಾಕಿ ಬೇಜಾರಾಯಿತು ಅಂತ ಪುಣೆಯ ಮುಳಾ, ಮುಠಾ ನದಿಗೆ ಬಿಟ್ಟರೂ ಅದು ಹೋಗಿ ಸೇರುವುದು ಉಜನಿಗೇ. ಗಾಳಕ್ಕೆ ಸಿಕ್ಕರೆ ದಯವಿಟ್ಟು ನೀರಿಗೆ ಬಿಡಬೇಡಿ.

ದೋಣಿ ಹತ್ತುವವರು ಲೈಫ್ ಜಾಕೆಟ್ ಹಾಕಲೇಬೇಕು. 2024ರ ಮೇ 21ರಂದು ಇದೇ ನೀರಿನಲ್ಲಿ ಕಳಾಶಿ–ಕುಗಾಂವ್ ನಡುವೆ ದೋಣಿ ಮಗುಚಿ ಆರು ಜನ ಸತ್ತರು.

ಮಳೆ ಶುರುವಾಗುವ ಮೊದಲೇ ಮೀನುಗಾರಿಕೆ ಇಲಾಖೆಯವರು ದೋಣಿ ಬಿಡುವ ಪ್ರತಿ ದಂಡೆಯಲ್ಲೂ ಈ ನಿಯಮದ ಫಲಕ ಹಾಕಲಿ. ಪುಣೆಯ ಕನ್ನಡ ಸಂಘಗಳು ತಮ್ಮ ಸದಸ್ಯರಿಗೆ ಇದನ್ನು ತಿಳಿಸಲಿ.

— ಇಂಡಿ ತಾಲ್ಲೂಕಿನ ಓದುಗ, ಈಗ ನಿಗಡಿ, ಪುಣೆ