ಟ್ಯಾಲಹಾಸಿಯ ‘ಇಲೆವೆನ್’

ಪ್ರೀತಿಯ ಓದುಗರೇ,

ಫೆಬ್ರವರಿ ಬಂತು ಅಂದರೆ ಫ್ಲೋರಿಡಾದಲ್ಲಿ ಕಾಲೇಜು ಬೇಸ್‌ಬಾಲ್ ಶುರು. ಉತ್ತರದ ರಾಜ್ಯಗಳಲ್ಲಿ ಜನ ಇನ್ನೂ ಮನೆ ಮುಂದಿನ ಹಿಮ ಎತ್ತಿಹಾಕುತ್ತಿರುತ್ತಾರೆ, ಇಲ್ಲಿ ಹುಡುಗರು ಆಗಲೇ ಮೈದಾನಕ್ಕೆ ಇಳಿದಿರುತ್ತಾರೆ. ನಮ್ಮ ಸಂಘದ ಎಷ್ಟೋ ಮಕ್ಕಳು ಶನಿವಾರ ಬೆಳಿಗ್ಗೆ ಕನ್ನಡ ತರಗತಿ ಮುಗಿಸಿ, ಮಧ್ಯಾಹ್ನ ಗ್ಲೌಸ್ ಹಿಡಿದು ಪ್ರಾಕ್ಟೀಸ್‌ಗೆ ಓಡುತ್ತಾರೆ. ಹಾಗಾಗಿ ಈ ತಿಂಗಳ ಮಾತು ಒಬ್ಬ ಬೇಸ್‌ಬಾಲ್ ಕೋಚ್ ಬಗ್ಗೆ.

ಅವರ ಹೆಸರು ಮೈಕ್ ಮಾರ್ಟಿನ್. ಟ್ಯಾಲಹಾಸಿಯ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿ ತಂಡಕ್ಕೆ 1980ರಿಂದ 2019ರವರೆಗೆ, 40 ಸೀಸನ್ ಮುಖ್ಯ ಕೋಚ್ ಆಗಿದ್ದವರು. ಗೆದ್ದ ಪಂದ್ಯಗಳು 2,029. ಕಾಲೇಜು ಬೇಸ್‌ಬಾಲ್‌ನ ಮೊದಲ ದರ್ಜೆಯಲ್ಲಿ ಅವರಿಗಿಂತ ಮೊದಲು ಯಾವ ಕೋಚ್ ಕೂಡ 2,000 ಮುಟ್ಟಿರಲಿಲ್ಲ.

2019ರ ವಸಂತದಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ಅವರದ್ದು ಪೂರ್ತಿ ಕ್ರಿಕೆಟ್ ಜೀವ. ‘ಬನ್ನಿ, ಒಂದು ಪಂದ್ಯ ನೋಡೋಣ’ ಅಂತ ಟ್ಯಾಲಹಾಸಿಗೆ ಕರೆದುಕೊಂಡು ಹೋದೆ. ದಾರಿ ಬದಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. ಅಮೆರಿಕದಲ್ಲಿ ಇದು ಸಿಗುತ್ತೆ ಅಂತ ಅಪ್ಪನಿಗೆ ಗೊತ್ತೇ ಇರಲಿಲ್ಲ. ದೊಡ್ಡ ಪೊಟ್ಟಣ ಕಟ್ಟಿಸಿಕೊಂಡು ಮೈದಾನದಲ್ಲಿ ಕೂತೆವು. ಐದನೇ ಇನಿಂಗ್ಸ್ ನಡುವೆ ಒಂದು ಗುಂಪು ಎದ್ದು ನಿಂತು ಕೆನಡಾದ ರಾಷ್ಟ್ರಗೀತೆ ಹಾಡಿತು. ಅದು ಅಲ್ಲಿಯ ಅಭಿಮಾನಿಗಳ ಹಳೇ ರೂಢಿ. ಅಪ್ಪನೂ ಎದ್ದು ನಿಂತರು.

ಬೇಸ್‌ಬಾಲ್‌ನಲ್ಲಿ ಕೋಚ್ ಕೂಡ ಆಟಗಾರರ ಹಾಗೇ ಯೂನಿಫಾರ್ಮ್ ಹಾಕಿಕೊಳ್ಳುತ್ತಾರೆ. ಡಗ್‌ಔಟ್‌ನಲ್ಲಿ 75 ವರ್ಷದ ಮಾರ್ಟಿನ್, ಬೆನ್ನ ಮೇಲೆ 11. ಊರಿನವರು ಅವರನ್ನು ಕರೆಯುತ್ತಿದ್ದದ್ದೂ ‘ಇಲೆವೆನ್’ ಅಂತಲೇ. ‘ಯಾರೋ ಆ ಹಿರಿಯರು?’ ಅಂತ ಅಪ್ಪ ಕೇಳಿದರು. ನಾನು ಎಲ್ಲಾ ಅಂಕಿ ಅಂಶ ಹೇಳಿದೆ. 2,000ನೇ ಗೆಲುವು ಅದೇ ಮಾರ್ಚ್ 9ರಂದು ಅಲ್ಲೇ ಬಂದಿತ್ತು. ಅಪ್ಪ ಕಡಲೆಕಾಯಿ ಬಿಡಿಸುತ್ತಾ, ‘ಹಾಗಾದ್ರೆ ಕಪ್ ಎಷ್ಟು ಸಲ ಗೆದ್ದಿದ್ದಾರೆ?’ ಅಂದರು.

‘ಒಂದು ಸಲಾನೂ ಇಲ್ಲಪ್ಪ.’

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಮ್ಮ ಆರ್‌ಸಿಬಿ ಥರಾನೇ ಅನ್ನು’ ಅಂದರು. ಆಗಿನ್ನೂ ಆರ್‌ಸಿಬಿಗೂ ಕಪ್ ಬಂದಿರಲಿಲ್ಲ.

ಪತ್ರಿಕೆಗಳೂ ಮಾರ್ಟಿನ್ ಬಗ್ಗೆ ಬರೆಯುವಾಗ ಈ ಮಾತನ್ನು ಬಿಡುತ್ತಿರಲಿಲ್ಲ. ಪ್ರತಿ ವರ್ಷ ಜೂನ್‌ನಲ್ಲಿ ದೇಶದ ಎಂಟು ತಂಡಗಳು ನೆಬ್ರಾಸ್ಕಾದ ಒಮಾಹಾಗೆ ಹೋಗುತ್ತವೆ. ಅದೇ ಕಾಲೇಜ್ ವರ್ಲ್ಡ್ ಸೀರೀಸ್. ಮಾರ್ಟಿನ್ ಅಲ್ಲಿಗೆ 17 ಸಲ ತಂಡ ಕರೆದುಕೊಂಡು ಹೋದರು. 1986ರಲ್ಲಿ ಫೈನಲ್‌ನಲ್ಲಿ ಅರಿಜೋನಾ ಎದುರು ಸೋಲು. 1999ರ ಫೈನಲ್‌ನಲ್ಲಿ ಮಯಾಮಿ ಎದುರು 6-5, ಒಂದೇ ಒಂದು ರನ್ನಿನ ಸೋಲು.

ಒಮಾಹಾದಲ್ಲಿ ಎರಡು ಪಂದ್ಯ ಸೋತರೆ ಮನೆಗೆ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಒಳ್ಳೆ ಪಿಚರ್ ಒಬ್ಬ ಜೋರಾಗಿ ಎಸೆದ ಮೇಲೆ ಅವನ ತೋಳಿಗೆ ಹಲವು ದಿನ ವಿಶ್ರಾಂತಿ ಬೇಕು. ಯಾವ ದಿನ ಯಾರ ತೋಳು ಉಳಿದಿದೆ ಅನ್ನುವುದರ ಮೇಲೆ ಎಷ್ಟೋ ಪಂದ್ಯಗಳು ತೀರ್ಮಾನವಾಗುತ್ತವೆ. ಆ ಕೆಲವೇ ದಿನಗಳ ಫಲ ಹಿಡಿದು ಒಬ್ಬರ 40 ವರ್ಷ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಮಟ್ಟಿಗೆ ದೊಡ್ಡ ವಿಷಯ ಬೇರೆ ಇದೆ. 40 ಸೀಸನ್‌ಗಳಲ್ಲಿ ಒಂದು ವರ್ಷವೂ ಅವರ ತಂಡ 40 ಗೆಲುವಿಗಿಂತ ಕೆಳಗೆ ಇಳಿಯಲಿಲ್ಲ. ರಾಷ್ಟ್ರೀಯ ಟೂರ್ನಿಗೆ ಒಂದು ವರ್ಷವೂ ತಪ್ಪಿಸಿಕೊಳ್ಳಲಿಲ್ಲ.

ಇದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಕಾಲೇಜು ತಂಡ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಒಳ್ಳೆ ಆಟಗಾರ ಮೂರು ವರ್ಷ ಮುಗಿಸಿದರೆ ಸಾಕು, ವೃತ್ತಿಪರ ತಂಡಗಳು ಡ್ರಾಫ್ಟ್‌ನಲ್ಲಿ, ಅಂದರೆ ಪ್ರತಿ ವರ್ಷ ನಡೆಯುವ ಆಟಗಾರರ ಆಯ್ಕೆಯಲ್ಲಿ, ಎತ್ತಿಕೊಂಡು ಹೋಗುತ್ತವೆ. ಇನ್ನು ಕೆಲವರು ಹೈಸ್ಕೂಲಿನಿಂದ ನೇರವಾಗಿ ಅಲ್ಲಿಗೇ ಹೋಗುತ್ತಾರೆ, ಕಾಲೇಜಿಗೆ ಬರುವುದೇ ಇಲ್ಲ. ಮೇಲಾಗಿ ಮಾರ್ಟಿನ್ ಕಾಲದ ಬಹುಪಾಲು ಇಡೀ ತಂಡಕ್ಕೆ ಇದ್ದದ್ದು ಬರೀ 11.7 ಸ್ಕಾಲರ್‌ಶಿಪ್. ಅದನ್ನೇ ತುಂಡು ತುಂಡು ಮಾಡಿ ಹುಡುಗರಿಗೆ ಹಂಚಬೇಕು. ಅರ್ಧ ಫೀಸು, ಕಾಲು ಫೀಸು ಅಂತ ಮನೆಮನೆಗೆ ಹೋಗಿ ಅಪ್ಪ ಅಮ್ಮನನ್ನು ಒಪ್ಪಿಸಬೇಕು. ಇಷ್ಟೆಲ್ಲಾ ಮಾಡಿ ಕಟ್ಟಿದ ತಂಡ ಬೇಸಿಗೆಯಲ್ಲಿ ಚದುರಿಹೋಗುತ್ತದೆ. ಮತ್ತೆ ಮೊದಲಿನಿಂದ. 40 ಸಲ ಹೀಗೆ ಮೊದಲಿನಿಂದ!

ಬಸ್ಟರ್ ಪೋಸಿ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರುತ್ತೆ, ಕೇಳಿ ನೋಡಿ. 2006ರಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆಗಿ ಮಾರ್ಟಿನ್ ತಂಡದಲ್ಲಿ ಆಡಿದ ಹುಡುಗನನ್ನು ಮರುವರ್ಷ ಕ್ಯಾಚರ್ ಮಾಡಿದರು. ಕ್ಯಾಚರ್ ಅಂದರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ಸ್ಲಿಪ್‌ನಲ್ಲಿ ಚೆನ್ನಾಗಿ ಕ್ಯಾಚ್ ಹಿಡಿಯುವ ಹುಡುಗನ ಕೈಗೆ ಕೀಪಿಂಗ್ ಗ್ಲೌಸ್ ಕೊಟ್ಟು ಸ್ಟಂಪ್ ಹಿಂದೆ ಕೂರಿಸಿದರೆ ಹೇಗೆ, ಹಾಗೆ. 2008ರ ಮೇ 12ರಂದು ಒಂದೇ ಪಂದ್ಯದಲ್ಲಿ ಪೋಸಿ ಒಂಬತ್ತೂ ಸ್ಥಾನಗಳಲ್ಲಿ ಆಡಿದ, ಜೊತೆಗೆ ಒಂದು ಗ್ರ್ಯಾಂಡ್ ಸ್ಲ್ಯಾಮ್ ಬೇರೆ, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್. ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಜೊತೆ 2010, 2012, 2014ರಲ್ಲಿ ವೃತ್ತಿಪರ ತಂಡಗಳ ವರ್ಲ್ಡ್ ಸೀರೀಸ್ ಗೆದ್ದ, ಮೂರು ಸಲವೂ ಕ್ಯಾಚರ್ ಆಗಿಯೇ.

ಮಾರ್ಟಿನ್ ಸ್ವತಃ ದೊಡ್ಡ ಆಟಗಾರ ಆಗಲಿಲ್ಲ. ಹುಟ್ಟಿದ್ದು ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ನಲ್ಲಿ, 1944ರಲ್ಲಿ. ಇದೇ ಯೂನಿವರ್ಸಿಟಿಗೆ ಆಡಿ, ಆಮೇಲೆ ಮೈನರ್ ಲೀಗ್‌ನಲ್ಲಿ ಕೆಲವು ವರ್ಷ ಕಳೆದರು. ಮೇಲಿನ ಲೀಗ್‌ಗೆ ಹತ್ತಲಿಲ್ಲ. ಟ್ಯಾಲಹಾಸಿಗೇ ಮರಳಿ ಬಂದು, ಅಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆದರು. ಆಮೇಲೆ ಫ್ಲೋರಿಡಾ ಸ್ಟೇಟ್ ಬೇಸ್‌ಬಾಲ್ ತಂಡಕ್ಕೆ ಸಹಾಯಕ ಕೋಚ್. ಮುಖ್ಯ ಕೋಚ್ ಆಗಿದ್ದ ಡಿಕ್ ಹೌಸರ್ ಒಂದೇ ಸೀಸನ್ ಇದ್ದು, ನ್ಯೂಯಾರ್ಕ್ ಯಾಂಕೀಸ್ ಕರೆದರು ಅಂತ ಹೋದರು. ಆ ಕುರ್ಚಿ 35 ವರ್ಷದ ಮಾರ್ಟಿನ್‌ಗೆ ಬಂತು. ಮೊದಲ ವರ್ಷವೇ ತಂಡವನ್ನು ಒಮಾಹಾಗೆ ಕರೆದುಕೊಂಡು ಹೋದರು.

2018ರ ಮೇ 5ರಂದು ಕ್ಲೆಮ್ಸನ್ ಎದುರು ಗೆದ್ದಾಗ ಅವರ ಗೆಲುವುಗಳು 1,976 ಆದವು. ಅಲ್ಲಿಯವರೆಗೆ ದಾಖಲೆ 1,975, ಆಗೀ ಗರಿಡೋ ಅವರದ್ದು. ಗರಿಡೋ ಐದು ಸಲ ಚಾಂಪಿಯನ್ ಆದ ಕೋಚ್. ದಾಖಲೆ ಮುರಿಯುವುದಕ್ಕೆ ಎರಡು ತಿಂಗಳಿಗೂ ಕಡಿಮೆ ಮೊದಲು, ಮಾರ್ಚ್‌ನಲ್ಲಿ, ಗರಿಡೋ ತೀರಿಕೊಂಡಿದ್ದರು.

ಇನ್ನು ಕೊನೆಯ ಸೀಸನ್. 2019ರಲ್ಲಿ ತಂಡ ಟೂರ್ನಿಗೆ ಸೇರುವುದೇ ಅನುಮಾನವಾಗಿತ್ತು. ಹೇಗೋ ಜಾಗ ಸಿಕ್ಕಿತು. ಆಮೇಲೆ ಹುಡುಗರು ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡವನ್ನು ಅದರದ್ದೇ ಊರಿನಲ್ಲಿ ಸೋಲಿಸಿದರು, ಎರಡನೇ ಪಂದ್ಯ 12 ಇನಿಂಗ್ಸ್ ಎಳೆದಿತ್ತು. ಅಷ್ಟರಲ್ಲಿ ಅಪ್ಪ ಬೆಂಗಳೂರಿಗೆ ಮರಳಿದ್ದರು. ಬೆಳಗಿನ ಕಾಫಿ ಹೊತ್ತಿಗೆ ದಿನಾ ಫೋನ್: ‘ಏನಾಯ್ತೋ, ನಮ್ಮ ಹನ್ನೊಂದನೇ ನಂಬರು?’ ಒಮಾಹಾದಲ್ಲಿ ಮೊದಲು ಆರ್ಕನ್ಸಾ ಎದುರು 1-0 ಗೆಲುವು. ‘ಈ ಸಲ ಕಪ್ ನಮ್ದೇ’ ಅಂದರು ಅಪ್ಪ, ನಿಜವಾಗಿಯೂ ಆಸೆ ಇಟ್ಟುಕೊಂಡು. ಆಮೇಲೆ ಮಿಷಿಗನ್ ಎದುರು 0-2, ಟೆಕ್ಸಸ್ ಟೆಕ್ ಎದುರು 1-4. ಅಲ್ಲಿಗೆ ಮುಗಿಯಿತು. ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳಿದೆ. ‘ಅವರು ಹೇಗಿದ್ದಾರೆ?’ ಅಂತ ಕೇಳಿದರು, ಸ್ಕೋರ್ ಕೇಳಲಿಲ್ಲ.

ನಿವೃತ್ತಿಯ ನಂತರ ಮಾರ್ಟಿನ್‌ಗೆ ಲೂಯಿ ಬಾಡಿ ಡಿಮೆನ್ಷಿಯಾ ಬಂತು. ನೆನಪು, ಯೋಚನೆ, ನಡಿಗೆ ಎಲ್ಲವನ್ನೂ ನಿಧಾನವಾಗಿ ಕಿತ್ತುಕೊಳ್ಳುವ ಕಾಯಿಲೆ ಅದು. 2024ರ ಫೆಬ್ರವರಿ 1ರಂದು ತೀರಿಕೊಂಡರು. ಎಂಬತ್ತು ತುಂಬಲು 11 ದಿನ ಬಾಕಿ ಇತ್ತು.

ಮಾರ್ಟಿನ್ 2019ರಲ್ಲಿ ನಿವೃತ್ತರಾದ ಮೇಲೆ ಮೂರು ವರ್ಷ ಅವರ ಮಗನೇ ಕೋಚ್ ಆಗಿದ್ದರು. ಈಗ ಇರುವವರು ಲಿಂಕ್ ಜ್ಯಾರೆಟ್. 1990ರ ದಶಕದ ಮೊದಲ ವರ್ಷಗಳಲ್ಲಿ ಮಾರ್ಟಿನ್ ತಂಡದ ಶಾರ್ಟ್‌ಸ್ಟಾಪ್ ಆಗಿದ್ದವರು. 2024ರ ಜೂನ್‌ನಲ್ಲಿ, ಗುರು ಹೋದ ನಾಲ್ಕೇ ತಿಂಗಳಿಗೆ, ಜ್ಯಾರೆಟ್ ತಂಡವನ್ನು ಮತ್ತೆ ಒಮಾಹಾಗೆ ಕರೆದುಕೊಂಡು ಹೋದರು. ಆ ಸುದ್ದಿ ಹೇಳಲು ನಾನು ಅಪ್ಪನಿಗೆ ಫೋನ್ ಮಾಡಿದೆ. ಬೆಂಗಳೂರಲ್ಲಿ ಆಗ ನಡುರಾತ್ರಿ ದಾಟಿತ್ತು. ಬೈಯಲಿಲ್ಲ.

ಟ್ಯಾಲಹಾಸಿಯ ಸ್ಟೇಡಿಯಂಗೆ ಡಿಕ್ ಹೌಸರ್ ಹೆಸರು, ಅದರೊಳಗಿನ ಮೈದಾನಕ್ಕೆ 2005ರಿಂದ ಮೈಕ್ ಮಾರ್ಟಿನ್ ಹೆಸರು. ಮಾರ್ಚ್‌ನಲ್ಲಿ ಒಂದು ಶನಿವಾರ ಸಂಘದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಇದ್ದೇವೆ. ದೊಡ್ಡವರೂ ಬನ್ನಿ. ಕಾರಿನಲ್ಲಿ ಜಾಗ ಇರುವವರು ತರಗತಿ ಮುಗಿದ ಮೇಲೆ ನನಗೆ ಒಂದು ಮಾತು ಹೇಳಿ. ಪುಳಿಯೋಗರೆ ನಾವು ತರುತ್ತೇವೆ, ಕಡಲೆಕಾಯಿ ದಾರಿಯಲ್ಲೇ ಸಿಗುತ್ತದೆ.

– ಸಂಪಾದಕ