ಇವರು ನಿಮಗೇನಾಗಬೇಕು?

ತೀರ್ಥಹಳ್ಳಿ

ಚಿ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಹುಡುಗ ಕ್ರೈಸ್ತನೆಂಬ ಕಾರಣಕ್ಕೆ ಮನೆಯಲ್ಲಿ ಆದ ಮಾತುಕತೆಯನ್ನು ನಾನು ಮತ್ತೆ ಎತ್ತುವುದಿಲ್ಲ. ನನಗೆ ಅವನ ಮೇಲೆ ಪ್ರೀತಿಯೇ ಇದೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಒಂದು ಸಾಲು: “ನಾವಿಬ್ಬರೂ ಗಂಡ ಹೆಂಡತಿ ಎಂದು ಒಪ್ಪಲು ಸರ್ಕಾರ ಯಾರು, ಅತ್ತೆ? ನೋಂದಣಿಯ ಗೋಜಿಗೇ ನಾವು ಹೋಗುವುದಿಲ್ಲ.”

ಇದೇ ಮಾತನ್ನು 1974ರಲ್ಲಿ ನಿನ್ನ ದೊಡ್ಡಪ್ಪ, ಅಂದರೆ ನನ್ನ ಅಣ್ಣ, ನಮ್ಮ ಜಗಲಿಯಲ್ಲಿ ಕುಳಿತು ಆಡಿದ್ದರು. ಅವರೂ ನಾಗರತ್ನಮ್ಮನವರೂ ಹೇಗೆ ಬಾಳಿದರೆಂಬುದು ನಿನಗೆ ಗೊತ್ತು. ಆದರೆ 1991ರಲ್ಲಿ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿಯ ಸಂಗತಿಯನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರ ಹಿಡಿದು ಬಂದವರು “ಇವರು ನಿಮಗೇನಾಗಬೇಕು?” ಎಂದು ನಾಗರತ್ನಮ್ಮನವರನ್ನು ಕೇಳಿದರು. ಅವರು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ “ನಮ್ಮನೆಯವರು” ಎಂದರು. “ಅಂದರೆ ಮದುವೆಯಾಗಿದೆಯೇ?” ಎಂದು ಮತ್ತೆ ಕೇಳಿದಾಗ ಅವರು ನನ್ನ ಮುಖ ನೋಡಿದರು. ನಾನು “ಹೌದು” ಎನ್ನಬಹುದಿತ್ತು. ಅದರ ಬದಲು “ನಾನು ತಂಗಿ” ಎಂದು ಹೇಳಿ ಪೆನ್ನು ತೆಗೆದುಕೊಂಡೆ.

ಅಣ್ಣ ತೀರಿಕೊಂಡ ಮೇಲೆ ತೋಟವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕಾಯಿತು. “ಹೆಂಡತಿ, ಮಕ್ಕಳು?” ಎಂದು ಗ್ರಾಮ ಲೆಕ್ಕಿಗರು ಕೇಳಿದರೆ ಮನೆಯ ಹಿರಿಯರು “ಯಾರೂ ಇಲ್ಲ” ಎಂದರು, ಆ ಕಾಗದದ ಕೆಳಗೆ ನಾನೂ ಸಹಿ ಹಾಕಿದೆ. ತೋಟ ಅಣ್ಣನ ಸ್ವಂತ ಸಂಪಾದನೆ. ಕಾನೂನಿನ ಕಣ್ಣಿಗೆ ನಾಗರತ್ನಮ್ಮ ಹೆಂಡತಿಯಾಗಿದ್ದರೆ, ನಮ್ಮ ತಂದೆತಾಯಿ ಆಗಲೇ ಇಲ್ಲವಾಗಿದ್ದರಿಂದ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಪೂರ್ತಿ ಅವರದೇ ಆಗುತ್ತಿತ್ತು. ಅವರು ಹೆಂಡತಿಯಲ್ಲವೆಂದಾದ ಮೇಲೆ ಒಡಹುಟ್ಟಿದವರಿಗೆ ಸಮಪಾಲು ಬಂದಿತು. ಅದರಲ್ಲಿ ಒಂದು ಪಾಲು ನನ್ನದು, ಸುಮಾ. ಹದಿನೇಳು ವರ್ಷ ಆ ಅಡಿಕೆ ಮರಗಳಿಗೆ ನೀರು ಕಟ್ಟಿದವರು ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದರು.

ಸುಮಾರು ಐವತ್ತು ವರ್ಷ ಗಂಡ ಹೆಂಡತಿಯಂತೆ ಬಾಳಿದ ಜೋಡಿಯನ್ನು ವಿವಾಹಿತರೆಂದೇ ಭಾವಿಸಬೇಕೆಂದು ಸುಪ್ರೀಂ ಕೋರ್ಟು 1978ರಲ್ಲೇ ಹೇಳಿತ್ತೆಂದು ವಕೀಲರೊಬ್ಬರು ಬಹಳ ಕಾಲದ ನಂತರ ನನಗೆ ತಿಳಿಸಿದರು. ಆದರೆ ಅಂಥ ಮಾತನ್ನು ನ್ಯಾಯಾಲಯದಿಂದ ಹೇಳಿಸಿಕೊಳ್ಳಲು ವರ್ಷಗಟ್ಟಲೆ ಅಲೆಯುವ ಶಕ್ತಿ ಬೇಕು, ಜೊತೆಗೆ ನಿಲ್ಲುವ ಬಂಧುಗಳು ಬೇಕು. ಅವರಿಗಿದ್ದ ಬಂಧುಗಳೆಂದರೆ ನಾವೇ.

ನಿನ್ನ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. ನಿಮ್ಮಂತೆ ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸಿ, ಯಾರಾದರೂ ಆಕ್ಷೇಪಿಸುತ್ತಾರೇನೋ ಎಂದು ಮೂವತ್ತು ದಿನ ಕಾಯುವುದು, ಅದರಲ್ಲೂ ಮನೆಯವರಿಗೆ ಹೆದರಿ ಬಂದ ಮಕ್ಕಳನ್ನು ಹಾಗೆ ಬಯಲಿಗೆ ನಿಲ್ಲಿಸುವುದು, ನನಗೂ ಅನ್ಯಾಯವಾಗಿಯೇ ಕಾಣುತ್ತದೆ. ಮದುವೆಯಾಗದೆ ಒಟ್ಟಿಗಿರುವವರೂ ನೋಂದಾಯಿಸಿಕೊಳ್ಳಲೇಬೇಕೆಂದು ಉತ್ತರಾಖಂಡದಲ್ಲಿ 2025ರಿಂದ ನಿಯಮವಿದೆ. ಅದನ್ನೂ ನಾನು ಒಪ್ಪಲಾರೆ. ಬೇಡವೆಂದವರ ಮನೆ ಬಾಗಿಲು ತಟ್ಟುವುದು ಸರ್ಕಾರದ ಕೆಲಸವಲ್ಲ. ಆದರೆ ಕೇಳಿಕೊಂಡು ಬಂದವರಿಗೆ ಕೊಡಲೇಬೇಕಾದದ್ದು ಅದರ ಕೆಲಸ. 2023ರ ಅಕ್ಟೋಬರ್ 17ರಂದು ಸಲಿಂಗ ಜೋಡಿಗಳಿಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮದುವೆಯ ಮಾನ್ಯತೆ ಕೊಡಲಿಲ್ಲವೆಂದು ಓದಿದ ದಿನ ನನಗೆ ನೆನಪಾದದ್ದು ಆ ಆಸ್ಪತ್ರೆಯ ರಾತ್ರಿಯೇ. ಅವರಿಗೆ ಬೇಡಿದರೂ ಸಿಗದ ಆ ಕಾಗದವನ್ನು ನೀನು ಕೈಯಾರೆ ದೂರ ತಳ್ಳುತ್ತಿದ್ದೀಯಲ್ಲ ಎಂಬುದೇ ನನ್ನ ಸಂಕಟ.

ನಿಮ್ಮ ಪ್ರೀತಿಗೆ ಸರ್ಕಾರದ ಮೊಹರು ಬೇಕಾಗಿಲ್ಲ ಎಂಬುದು ನಿಜ. ಕುಪ್ಪಳಿಯಲ್ಲಿ ಕುವೆಂಪು ಅವರ ಸರಳ ವಿವಾಹ ಪದ್ಧತಿಯಾದ ಮಂತ್ರಮಾಂಗಲ್ಯ ಮಾಡಿಕೊಳ್ಳುವ ಆಸೆ ನಿನಗಿದ್ದರೆ ಹಾಗೆಯೇ ಮಾಡಿಕೊಳ್ಳಿ, ನಾನು ಬಂದು ಹರಸುತ್ತೇನೆ. ನನ್ನ ಹೆದರಿಕೆ ನಿಮ್ಮಿಬ್ಬರ ಬಗ್ಗೆ ಅಲ್ಲ. ನಿಮ್ಮಲ್ಲೊಬ್ಬರು ಮಾತಾಡಲಾರದ ದಿನ “ಇವರು ನಿಮಗೇನಾಗಬೇಕು?” ಎಂದು ಇನ್ನೊಬ್ಬರನ್ನು ಯಾರೋ ಕೇಳುತ್ತಾರೆ. ಆಗ ಪಕ್ಕದಲ್ಲಿ ನನ್ನಂಥ ತಂಗಿಯೊಬ್ಬಳು ನಿಂತಿರಬಹುದು.

ಹೇಳುವ ಅಧಿಕಾರ ನನಗೆಷ್ಟಿದೆಯೋ ಕಾಣೆ, ಆದರೂ ಒಂದು ಮಾತು. ನೋಂದಣಿ ಮಾಡಿಸದಿದ್ದರೂ ಇಬ್ಬರೂ ಒಂದೊಂದು ಉಯಿಲನ್ನಾದರೂ ಬರೆದಿಡಿ, ಬ್ಯಾಂಕಿನಲ್ಲಿ ನಾಮಿನಿಯ ಹೆಸರು ನೋಡಿಕೊಳ್ಳಿ. ಅದರಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿಲ್ಲ.

ಮನಸ್ಸು ಬದಲಾದರೆ, ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮೂವರು ಸಾಕ್ಷಿಗಳು ಬೇಕು. ಒಬ್ಬಳಾಗಿ ನನ್ನ ಹೆಸರು ಬರೆದುಕೋ. ಕೈ ಸ್ವಲ್ಪ ನಡುಗುತ್ತದೆ, ಸಹಿ ಹಾಕಲು ತೊಂದರೆಯಿಲ್ಲ. ಹತ್ತು ದಿನ ಮೊದಲು ತಿಳಿಸಿದರೆ ರಾತ್ರಿ ಬಸ್ಸಿಗೆ ಮುಂದಿನ ಸೀಟು ಸಿಗುತ್ತದೆ.

ನಿನ್ನ,
ಅತ್ತೆ