ಚಳಿಗಾಲ ಮುಗಿಯುವವರೆಗೆ ನಮ್ಮ ವಾಹನಗಳು ತಡವಾಗಿ ಹೊರಡುತ್ತವೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಪಶು ಆಹಾರ, ಡೀಸೆಲ್ ಮತ್ತು ಅನಿಲ ಸಿಲಿಂಡರ್‌ಗಳನ್ನು ನಿಮ್ಮ ಮನೆ ಹಾಗೂ ಹೊಲಗಳಿಗೆ ತಲುಪಿಸುವ ನಮ್ಮ ಸಂಘದ ವಾಹನಗಳು ಇದುವರೆಗೆ ಬೆಳಕು ಹರಿಯುವ ಮೊದಲೇ ಉಗ್ರಾಣ ಬಿಡುತ್ತಿದ್ದವು. ಈ ಚಳಿಗಾಲದಿಂದ ಅವು ಸೂರ್ಯೋದಯವಾಗಿ ಎರಡು ಗಂಟೆ ಕಳೆದ ಮೇಲೆಯೇ ಹೊರಡುತ್ತವೆ, ಕತ್ತಲಾಗುವ ಮುನ್ನ ಮರಳುತ್ತವೆ. 200 ಮೀಟರ್ ಮುಂದಿನ ದಾರಿ ಕಾಣದಷ್ಟು ಮಂಜು ಕವಿದಿದ್ದರೆ ಆ ಹೊತ್ತಿಗೂ ಹೊರಡುವುದಿಲ್ಲ. ಹೊರಡಬೇಕೋ ಬೇಡವೋ, ಅರ್ಧ ದಾರಿಯಿಂದ ಹಿಂತಿರುಗಬೇಕೋ ಎಂಬ ತೀರ್ಮಾನ ಚಾಲಕರದು. ಕಚೇರಿಯಲ್ಲಿ ಕುಳಿತವರು ಅದನ್ನು ಪ್ರಶ್ನಿಸುವುದಿಲ್ಲ.

ಬೆಳಗಿನ ಜಾವ ರಸ್ತೆ ಖಾಲಿ ಇರುತ್ತದೆ, ಆಗಲೇ ಬಂದು ಹೋಗಬಹುದಲ್ಲ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಬಯಲು ಪ್ರದೇಶದಲ್ಲಿ ಚಳಿಗಾಲದ ರಸ್ತೆ ಅತ್ಯಂತ ಕೆಟ್ಟಿರುವ ಹೊತ್ತೂ ಅದೇ. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಹೋಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ ತಗ್ಗುಗಳಿಗೆ ಇಳಿದು, ನೀರು ಹಾಯಿಸಿದ ಹೊಲಗಳ ಮತ್ತು ಕಾಲುವೆಗಳ ಪಕ್ಕದಲ್ಲಿ ಮಂಜಾಗಿ ನಿಲ್ಲುತ್ತದೆ. ಸೂರ್ಯ ಕಂಡ ಕೂಡಲೇ ಅದು ಕರಗಿಬಿಡುತ್ತದೆ ಎಂಬುದು ತಪ್ಪು ನಂಬಿಕೆ. ಮೊದಲ ಬಿಸಿಲಿಗೆ ನೆಲದ ಮೇಲಿನ ತೇವ ಆವಿಯಾಗಿ, ನಿಂತ ಗಾಳಿ ಮೆಲ್ಲನೆ ಕದಲಿದಾಗ ಮಂಜು ಸ್ವಲ್ಪ ಹೊತ್ತು ಇನ್ನಷ್ಟು ದಟ್ಟವಾಗುವುದುಂಟು. ಎರಡು ಗಂಟೆಯ ಕಾಯುವಿಕೆಗೆ ಇದು ಮೊದಲ ಕಾರಣ.

ಎರಡನೆಯದು ಮಂಜುಗಡ್ಡೆ, ನಮಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ತೆಳ್ಳಗೆ, ಪಾರದರ್ಶಕವಾಗಿ ಹೆಪ್ಪುಗಟ್ಟಿದ ಪದರದ ಕೆಳಗಿನ ಡಾಂಬರು ಹಾಗೆಯೇ ಕಾಣುತ್ತದೆ. ಚಾಲಕನ ಕಣ್ಣಿಗೆ ಅದು ಬರಿಯ ಒದ್ದೆ ರಸ್ತೆ. ಸೇತುವೆಗಳ ಮೇಲಂತೂ ಇನ್ನೂ ಮೋಸ. ನೆಲದ ಮೇಲಿನ ರಸ್ತೆಗೆ ಅಡಿಯಲ್ಲಿರುವ ಮಣ್ಣಿನ ಬಿಸಿ ಸ್ವಲ್ಪವಾದರೂ ಸಿಗುತ್ತದೆ, ಸೇತುವೆಗೆ ಮೇಲೂ ಕೆಳಗೂ ತಣ್ಣನೆಯ ಗಾಳಿಯೇ. ಹಾಗಾಗಿ ರಸ್ತೆ ಇನ್ನೂ ಒದ್ದೆಯಾಗಿಯೇ ಇರುವಾಗ ಸೇತುವೆ ಹೆಪ್ಪುಗಟ್ಟಿರುತ್ತದೆ. ಮೊಬೈಲಿನಲ್ಲಿ ತಾಪಮಾನ 2 ಡಿಗ್ರಿ ಎಂದು ಕಂಡರೆ ನೆಮ್ಮದಿಪಡಬೇಡಿ. ಅದು ನೆಲದಿಂದ ಆಳೆತ್ತರದಲ್ಲಿ ಅಳೆದ ಗಾಳಿಯ ತಾಪಮಾನ. ನಿರಭ್ರ ರಾತ್ರಿಯ ನಂತರ ರಸ್ತೆಯ ಮೈ ಸೊನ್ನೆಗಿಂತ ಕೆಳಗಿರಬಹುದು. ಮರದ ನೆರಳು ಬೀಳುವ ತಿರುವುಗಳಲ್ಲಿ ಮಧ್ಯಾಹ್ನದವರೆಗೂ ಮಂಜುಗಡ್ಡೆ ಉಳಿದಿರುತ್ತದೆ.

200 ಮೀಟರ್ ಎಂಬ ಮಿತಿಯನ್ನು ಮನಸ್ಸಿಗೆ ತೋಚಿದಂತೆ ಹಾಕಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಅಲ್ಲಿಂದ ಮುಂದೆ ಒಣ ಡಾಂಬರಿನ ಮೇಲೆ 20ರಿಂದ 25 ಮೀಟರ್‌ಗಳಲ್ಲಿ ಕಾರು ನಿಲ್ಲಬಹುದು. ಮಂಜುಗಡ್ಡೆಯ ಮೇಲಾದರೆ 140 ಮೀಟರ್ ಕೂಡ ಸಾಲದೆ ಹೋಗಬಹುದು. ಸರಕು ತುಂಬಿದ ವಾಹನಕ್ಕೆ ಇನ್ನೂ ಹೆಚ್ಚು ದೂರ ಬೇಕು. 200 ಮೀಟರ್ ಕಾಣುತ್ತಿದ್ದರೂ ನಮ್ಮ ಚಾಲಕರು 60ರ ವೇಗದಲ್ಲಿ ಓಡಿಸುವುದಿಲ್ಲ, ಓಡಿಸಬೇಕೆಂದು ದಯವಿಟ್ಟು ನೀವೂ ನಿರೀಕ್ಷಿಸಬೇಡಿ.

ಉಪ್ಪು ಎರಚಿದ ರಸ್ತೆಯಲ್ಲಿ ಏನು ತೊಂದರೆ ಎಂಬ ಪ್ರಶ್ನೆಯೂ ಬಂದಿದೆ. ಹೆದ್ದಾರಿಗಳಿಗೆ ಅದು ಸರಿ. ಉಪ್ಪು ಕೆಲಸ ಮಾಡಲು ಮೇಲಿಂದ ಮೇಲೆ ಚಕ್ರಗಳು ಓಡಾಡಿ ಅದನ್ನು ಅರೆಯಬೇಕು. ವಾಹನಗಳೇ ವಿರಳವಾದ ಹಳ್ಳಿಯ ರಸ್ತೆಯಲ್ಲಿ ಅದು ಆಗುವುದಿಲ್ಲ. ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೆ ಸಾಮಾನ್ಯ ಉಪ್ಪಿನ ಕೆಲಸ ತೀರ ನಿಧಾನ.

ಇನ್ನು ಹಿಮದ ವಿಷಯ. ಹಿಮ ಬೀಳುವುದು ನಿಂತು ಆಕಾಶ ತಿಳಿಯಾದ ಮೇಲೂ ಬಯಲಿನಲ್ಲಿ ರಸ್ತೆ ಮುಚ್ಚಿಹೋಗುತ್ತದೆ. ತಡೆಯಿಲ್ಲದೆ ಬೀಸುವ ಗಾಳಿ ಹೊಲಗಳ ಒಣ ಹಿಮವನ್ನು ಎತ್ತಿ ತಂದು, ಎಲ್ಲಿ ತನ್ನ ವೇಗ ತಗ್ಗುತ್ತದೋ ಅಲ್ಲಿ ಸುರಿಯುತ್ತದೆ. ಸಂದುಗಳಿರುವ ಬೇಲಿಯ ಹಿಂದೆ ಹಿಮದ ದಿಬ್ಬ ಬೇಲಿಯ ಎತ್ತರದ 30 ಪಟ್ಟಿಗಿಂತಲೂ ದೂರಕ್ಕೆ ಚಾಚಬಹುದು, ಎಂದರೆ 2 ಮೀಟರ್ ಬೇಲಿಗೆ 60 ಮೀಟರ್‌ಗೂ ಹೆಚ್ಚು. ಗಾಳಿ ಬರುವ ದಿಕ್ಕಿನಲ್ಲಿ, ರಸ್ತೆಯ ಅಂಚಿಗೇ ಮೇವಿನ ಪೆಂಡಿಗಳನ್ನು ಒಟ್ಟಿದ್ದರೆ ಅವುಗಳನ್ನು ಬೇರೆಡೆಗೆ ಸಾಗಿಸಿ. ಅಂಗಳದ ಹಿಮವನ್ನು ರಸ್ತೆಗೆ ತಳ್ಳಬೇಡಿ. ನಿಮ್ಮ ದಾರಿಯ ಎರಡೂ ಅಂಚಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿದ ಗೂಟಗಳನ್ನು ನೆಟ್ಟರೆ, ಚರಂಡಿ ಎಲ್ಲಿದೆ ಎಂದು ಚಾಲಕರು ಊಹಿಸಬೇಕಾಗುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಭಾಗಕ್ಕೂ ಅದೇ ಪಟ್ಟಿ ಬೇಕು. ಮಂಜಿನಲ್ಲಿ ದೀಪವಿಲ್ಲದೆ ನಿಂತ ಟ್ರೇಲರ್‌ಗಿಂತ ಕೆಟ್ಟದ್ದು ರಸ್ತೆಯ ಮೇಲೆ ಮತ್ತೊಂದಿಲ್ಲ.

ಹೊಸ ವೇಳೆಯಿಂದ ದಿನಕ್ಕೆ ತಲುಪಬಹುದಾದ ಮನೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಆದ್ದರಿಂದ ಬೇಡಿಕೆಯನ್ನು ಎರಡು ದಿನ ಮೊದಲೇ ಬರೆಸಿ. ಪಶು ಆಹಾರವನ್ನು ಕನಿಷ್ಠ ಒಂದು ವಾರಕ್ಕೆ ಸಾಲುವಷ್ಟು ಇಟ್ಟುಕೊಳ್ಳಿ, ಸಿಲಿಂಡರ್ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. ಬೇಸಿಗೆಯಲ್ಲಿ ಕೊಂಡ ಡೀಸೆಲ್ ಉಳಿದಿದ್ದರೆ ಕಡು ಚಳಿಯಲ್ಲಿ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಈಗ ನಾವು ಕೊಡುವುದು ಚಳಿಗಾಲದ ಡೀಸೆಲ್, ಇದನ್ನು ಹಳೆಯದರೊಂದಿಗೆ ಬೆರೆಸದೆ ಬಳಸಿ. ವಾಹನ ಎಲ್ಲಿದೆ ಎಂದು ತಿಳಿಯಬೇಕಾದರೆ ಕಚೇರಿಗೆ ಕರೆ ಮಾಡಿ, ಓಡಿಸುತ್ತಿರುವ ಚಾಲಕರಿಗೆ ಮಾಡಬೇಡಿ. ತಡವಾಯಿತೆಂದು ಅವರ ಮೇಲೆ ರೇಗಬೇಡಿ ಎಂಬುದು ನನ್ನ ವೈಯಕ್ತಿಕ ಬೇಡಿಕೆ. ಬೈಗುಳ ತಿಂದ ಚಾಲಕ ಮರುದಿನ ಸೇತುವೆಯ ಮೇಲೆ ವೇಗ ಇಳಿಸಲು ಹಿಂಜರಿಯಬಾರದು.

ಮನೆಯಲ್ಲಿ ಹಸುಗೂಸು, ವೃದ್ಧರು ಅಥವಾ ರೋಗಿಗಳಿದ್ದು ಮನೆ ಬೆಚ್ಚಗಿಡಲು ಅನಿಲವನ್ನೇ ನಂಬಿದ್ದರೆ ಈ ವಾರವೇ ಕಚೇರಿಗೆ ತಿಳಿಸಿ. ಅಂಥ ಮನೆಗಳ ಪ್ರತ್ಯೇಕ ಪಟ್ಟಿ ಮಾಡುತ್ತಿದ್ದೇವೆ. ಹವಾಮಾನ ಕೆಡುವ ಮುನ್ಸೂಚನೆ ಬಂದ ಕೂಡಲೇ ಮೊದಲ ವಾಹನ ಅಲ್ಲಿಗೇ ಹೋಗುತ್ತದೆ.

ಸಾಗಣೆಯ ದರದಲ್ಲಿ ಬದಲಾವಣೆ ಇಲ್ಲ. ರಾತ್ರಿಯ ತಾಪಮಾನ ಸತತ ಎರಡು ವಾರ ಸೊನ್ನೆಗಿಂತ ಮೇಲೆ ಉಳಿದಾಗ ಹಳೆಯ ವೇಳೆಗೆ ಮರಳುತ್ತೇವೆ, ಅದನ್ನು ಮತ್ತೆ ಪತ್ರದ ಮೂಲಕವೇ ತಿಳಿಸುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ